ಆರನೇ ತಿಂಗಳ ಕೂಸಿಗೆ ಉಣಿಸುವವರು ಯಾರು?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಚೊಚ್ಚಲ ಬಾಣಂತನ ತವರುಮನೆಯದು. ಎಣ್ಣೆ, ನೀರು, ಪಥ್ಯ ಎಲ್ಲವೂ ಹೆತ್ತವ್ವನ ಕಾವಲಿನಲ್ಲಿ ನಡೆಯುತ್ತವೆ. ಐದನೇ ತಿಂಗಳ ಹೊತ್ತಿಗೆ ಮಗಳು ತೊಟ್ಟಿಲ ಸಮೇತ ಗಂಡನ ಮನೆಗೆ ಹೊರಡುತ್ತಾಳೆ. ಅದರ ಮುಂದಿನ ತಿಂಗಳೇ ಕೂಸಿಗೆ ಎದೆಹಾಲಿನ ಜೊತೆ ಊಟ ಶುರುವಾಗಬೇಕು. ಹತ್ತಿ ಬಿಡಿಸುವ, ಕಬ್ಬು ಕಡಿಯುವ, ಜೋಳ ಕೀಳುವ ಕೆಲಸ ಅವಳನ್ನು ಕರೆಯುವುದೂ ಆಗಲೇ. ಮಗುವಿನ ಜೀವನದ ಅತಿ ಸೂಕ್ಷ್ಮ ಬದಲಾವಣೆಯೊಂದು ತಾಯಿಗೆ ಕೈ ಬಿಡುವಿಲ್ಲದ ದಿನಗಳಲ್ಲೇ ಬಂದು ನಿಲ್ಲುತ್ತದೆ. ಅಪೌಷ್ಟಿಕತೆಯ ಬಗ್ಗೆ ನಾವು ಆಡುವ ಮಾತುಗಳಲ್ಲಿ ಈ ಸಂಗತಿಗೆ ಜಾಗವೇ ಸಿಕ್ಕಿಲ್ಲ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ 6ರಿಂದ 8 ತಿಂಗಳ ಮಕ್ಕಳ ಪೈಕಿ ಎದೆಹಾಲಿನೊಂದಿಗೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಪಡೆಯುತ್ತಿದ್ದವರು ಶೇ 45.9 ಮಾತ್ರ. ಅರ್ಧಕ್ಕಿಂತ ಹೆಚ್ಚು ಕೂಸುಗಳಿಗೆ ಹೊತ್ತಿಗೆ ಸರಿಯಾಗಿ ಊಟ ಶುರುವಾಗಿರಲಿಲ್ಲ. ಅದೇ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ ಇತ್ತು. ಈ ಎರಡಕ್ಕೂ ಬೀಜ ಬೀಳುವುದು ಬಹುಪಾಲು ಮೊದಲ ಎರಡು ವರ್ಷಗಳಲ್ಲೇ. ಹುಟ್ಟುವಾಗ ಕೂಸು ತಂದ ಕಬ್ಬಿಣಾಂಶದ ಸಂಗ್ರಹ ಆರನೇ ತಿಂಗಳ ಸುಮಾರಿಗೆ ಕರಗುತ್ತದೆ. ಎದೆಹಾಲು ಉಳಿದೆಲ್ಲ ರೀತಿಯಲ್ಲಿ ಶ್ರೇಷ್ಠ, ಆದರೆ ಅದರ ಒಂದು ಲೀಟರಿನಲ್ಲಿ ಕಬ್ಬಿಣ ಅರ್ಧ ಮಿಲಿಗ್ರಾಮಿನಷ್ಟೂ ಇರುವುದಿಲ್ಲ. ಕೊರತೆಯನ್ನು ಬಟ್ಟಲೇ ತುಂಬಬೇಕು.

ಈ ಸೀಮೆಯಲ್ಲಿ ಬಟ್ಟಲಿಗೆ ಹಾಕಲು ಏನಿಲ್ಲ? ಡೋಣಿ ಹರಿದರೆ ಓಣಿ ತುಂಬ ಜೋಳ ಎಂದು ಹೆಸರಾದ ಡೋಣಿ ಹೊಳೆಯ ನೆಲ ಇದು. ತೊಗರಿ ಇದೆ, ಹೆಸರು ಇದೆ, ಸೇಂಗಾ ಇದೆ. ಮೆಂತ್ಯ, ರಾಜಗಿರಿ, ಪಾಲಕ್ ಸಂತೆಯಲ್ಲಿ ಸಿವುಡುಗಟ್ಟಲೆ ಸಿಗುತ್ತವೆ. ಭೌಗೋಳಿಕ ಸೂಚಕ ಪಡೆದ ಇಂಡಿಯ ಲಿಂಬೆ ಹೊರರಾಜ್ಯದ ಮಾರುಕಟ್ಟೆಗಳಿಗೆ ಮೂಟೆಗಟ್ಟಲೆ ಹೋಗುತ್ತದೆ. ಇಂಡಿಯಲ್ಲೇ ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇದೆ. ಧಾನ್ಯ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಅದರ ಜೊತೆ ಸಿ ಜೀವಸತ್ವ ಸೇರಿದರೆ ಹೀರಿಕೆ ಹೆಚ್ಚುತ್ತದೆ. ಕೂಸಿನ ನುಚ್ಚಿಗೆ ಬೇಕಾದ ನಾಲ್ಕು ಹನಿ ಲಿಂಬೆರಸ ಹಿತ್ತಲಲ್ಲೇ ಇದೆ.

ಒಂದು ಬಟ್ಟಲ ಊಟ ಆಗುವ ಬಗೆಯನ್ನೇ ನೋಡೋಣ. ಒಂದು ಹಿಡಿ ಜೋಳದ ನುಚ್ಚು, ಅರ್ಧ ಹಿಡಿ ಹೆಸರುಬೇಳೆ, ತೊಳೆದು ಸಣ್ಣಗೆ ಹೆಚ್ಚಿದ ರಾಜಗಿರಿ ಎಲೆ, ಒಂದು ಹೋಳು ಕುಂಬಳಕಾಯಿ ಅಥವಾ ಗಜ್ಜರಿ. ಎಲ್ಲವೂ ಹಿಸುಕಿದರೆ ಕರಗುವಷ್ಟು ಬೇಯಬೇಕು. ಚಮಚದ ಬೆನ್ನಿನಿಂದ ನುರಿದು, ಒಂದು ಚಮಚ ತುಪ್ಪವನ್ನೋ ಸೇಂಗಾ ಎಣ್ಣೆಯನ್ನೋ ಬೆರೆಸಿ, ಉಗುರು ಬೆಚ್ಚಗಾದ ಮೇಲೆ ಲಿಂಬೆ ಹಿಂಡಬೇಕು. ಕುದಿಯುವಾಗ ಹಿಂಡಿದರೆ ಸಿ ಜೀವಸತ್ವ ಹಾಳಾಗುತ್ತದೆ. ಉಪ್ಪು, ಸಕ್ಕರೆ ಒಂದು ವರ್ಷದವರೆಗೆ ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವ ಮುಂಚೆ ನೆಕ್ಕಿಸಲೇಬಾರದು, ಅದರಲ್ಲಿರಬಹುದಾದ ಬೊಟುಲಿನಮ್ ಬೀಜಾಣು ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷವಾಗಬಲ್ಲದು. ಊಟದ ಹದಕ್ಕೆ ಸರಳ ಪರೀಕ್ಷೆಯಿದೆ: ಚಮಚ ವಾಲಿಸಿದರೆ ಸುರಿದುಹೋಗಬಾರದು, ಅಂಟಿ ನಿಲ್ಲಬೇಕು.

ತೆಳ್ಳಗಿನ ಅಂಬಲಿಯ ತೊಂದರೆ ಇಲ್ಲೇ ಇದೆ. ಏಳು ಕಿಲೋ ತೂಕದ ಕೂಸಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಸುಮಾರು ಇನ್ನೂರು ಮಿಲಿಲೀಟರ್. ನೀರಿನಿಂದಲೇ ಅದು ತುಂಬಿದರೆ ಶಕ್ತಿ ಎಲ್ಲಿಂದ ಬರಬೇಕು? ತೀರಾ ಗಟ್ಟಿ ಮಾಡಿದರೆ ಕೂಸು ನುಂಗಲಾರದು. ಈ ತೊಡಕಿಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲೇ ಉತ್ತರ ಕೊಟ್ಟಿದ್ದರು. ಮೊಳಕೆ ಕಟ್ಟಿ ಒಣಗಿಸಿದ ರಾಗಿ ಮತ್ತು ಹೆಸರಿನ ಹಿಟ್ಟಿನಿಂದ ಗಂಜಿ ಮಾಡಿದರೆ, ಮೊಳಕೆಯ ಕಿಣ್ವಗಳು ಪಿಷ್ಟವನ್ನು ಸಡಿಲಿಸುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಗಂಟಲಿಗೆ ಹಗುರಾಗಿಯೇ ಇರುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಜೋಳಕ್ಕೆ ಇದೇ ವಿದ್ಯೆ ಮನೆಯಲ್ಲಿ ಬೇಡ. ಎಳೆ ಜೋಳ ಮೇಯ್ದ ದನ ಸಾಯುವುದನ್ನು ಈ ಭಾಗದ ರೈತರು ಕಂಡಿದ್ದಾರೆ. ಆ ವಿಷದ ಅಂಶ ಜೋಳದ ಮೊಳಕೆಯಲ್ಲೂ ಇರುತ್ತದೆ. ಮೊಳಕೆಗೆ ರಾಗಿ, ಹೆಸರು ಸಾಕು.

ಬೆಳೆ ಇದೆ, ವಿದ್ಯೆ ಇದೆ. ಹಾಗಿದ್ದೂ ಬಹಳ ಕೂಸುಗಳ ಬಾಯಿಗೆ ಮೊದಲು ಬೀಳುವುದು ಚಹಾದಲ್ಲಿ ಅದ್ದಿದ ಬಿಸ್ಕಿಟ್. ಮೈದಾ, ಸಕ್ಕರೆ, ಮೇಲೆ ಕಬ್ಬಿಣ ಮೈಗೆ ಹತ್ತದಂತೆ ತಡೆಯುವ ಚಹಾದ ಟ್ಯಾನಿನ್. ಇದಕ್ಕೆ ತಾಯಂದಿರ ಅಜ್ಞಾನ ಕಾರಣ ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ನಸುಕಿನಲ್ಲಿ ರೊಟ್ಟಿ ಬಡಿದು, ಎಂಟರ ಟಂಟಂ ಹಿಡಿದು ಹೊಲಕ್ಕೆ ಹೋಗುವ ಹೆಣ್ಣುಮಗಳು ಕೂಸನ್ನು ಅತ್ತೆಯ ಕೈಗೋ ಏಳೆಂಟು ವರ್ಷದ ಹಿರಿಮಗಳ ಕೈಗೋ ಕೊಟ್ಟು ಹೋಗುತ್ತಾಳೆ. ಒಲೆ ಹಚ್ಚದೆ, ಎರಡು ನಿಮಿಷದಲ್ಲಿ, ಕಣ್ಣು ಮಂಜಾದ ಮುದುಕಿಯೂ ಉಣಿಸಬಲ್ಲ ತಿನಿಸು ಬಿಸ್ಕಿಟ್ ಒಂದೇ. ನುಚ್ಚು ಉಣಿಸಲು ಒಂದು ಹೊತ್ತಿಗೆ ಅರ್ಧ ಗಂಟೆಯಾದರೂ ಬೇಕು. 6ರಿಂದ 8 ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಆಮೇಲೆ ಮೂರು ನಾಲ್ಕು ಸಲ ಉಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಹೊತ್ತನ್ನು ಕೂಲಿಯ ಲೆಕ್ಕದಲ್ಲಿ ಯಾರೂ ಹಿಡಿದಿಲ್ಲ.

ತರಕಾರಿಯ ವಿಷಯಕ್ಕೆ ಬಂದರೆ ತಾಳ್ಮೆ ಇನ್ನಷ್ಟು ಬೇಕು. ಮೆಂತ್ಯದ ಕಹಿಗೆ ಕೂಸು ಮುಖ ಕಿವುಚುತ್ತದೆ, ನಾಲಗೆಯಿಂದ ಹೊರದಬ್ಬುತ್ತದೆ. 'ಒಲ್ಲೆ ಅಂತದ, ಬಿಡು' ಎಂದು ಎರಡನೇ ದಿನಕ್ಕೆ ಕೈಬಿಡುವವರೇ ಹೆಚ್ಚು. ಹೊಸ ರುಚಿಯನ್ನು ಮಗು ಒಪ್ಪಿಕೊಳ್ಳಲು ಎಂಟು ಹತ್ತು ಸಲ ಕೊಡಬೇಕಾಗಬಹುದು ಎಂಬುದು ಅಧ್ಯಯನಗಳಿಂದ ಗೊತ್ತಾಗಿರುವ ಸಂಗತಿ. ಒತ್ತಾಯಿಸದೆ, ಬೈಯದೆ, ಮರುದಿನ ಮತ್ತೆ ಒಂದು ಚಮಚ. 'ಪಲ್ಯಾ ತಿನ್ನಿಸಿದ್ರ ಕೂಸಿಗೆ ಭೇದಿ ಆಗ್ತದವಾ' ಎನ್ನುವ ಅತ್ತೆಯ ಅಂಜಿಕೆಯನ್ನೂ ತಳ್ಳಿಹಾಕಬಾರದು. ಊಟ ಶುರುವಾದ ತಿಂಗಳಲ್ಲಿ ಭೇದಿ ಹೆಚ್ಚುವುದನ್ನು ಆಕೆ ಕಣ್ಣಾರೆ ಕಂಡಿದ್ದಾಳೆ. ತಪ್ಪು ಬಹುತೇಕ ಪಲ್ಯದ್ದಲ್ಲ. ತೊಳೆಯದ ಕೈ, ಮುಂಜಾನೆ ಮಾಡಿ ಮಧ್ಯಾಹ್ನದವರೆಗೆ ಮುಚ್ಚಿಟ್ಟ ನುಚ್ಚು, ಕಾಯಿಸದ ನೀರು. ಅವುಗಳ ಬಗ್ಗೆ ಅತ್ತೆಯ ಜೊತೆ ಕೂತು ಮಾತಾಡಬೇಕು, ಸೊಸೆಗೆ ಮಾತ್ರ ಹೇಳಿ ಹೋದರೆ ಸಾಲದು. ಆಶಾ ಕಾರ್ಯಕರ್ತೆ 3, 6, 9, 12, 15ನೇ ತಿಂಗಳಿಗೆ ಮನೆಗೆ ಬರುವ ವ್ಯವಸ್ಥೆ 2018ರಿಂದ ಇದೆ. ಆ ಆರನೇ ತಿಂಗಳ ಭೇಟಿ ಅಡುಗೆಮನೆಯೊಳಗೆ, ಮನೆಯ ಹಿರಿಯಳ ಎದುರು ನಡೆಯಲಿ.

ಸರ್ಕಾರದ ಖರ್ಚಿನ ದಾರಿಯನ್ನು ಗಮನಿಸಿ. ಮೂರರಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯಲ್ಲಿ ಬಿಸಿಯೂಟವಿದೆ, ಮುಂದೆ ಕೂತು ಉಣಿಸುವವರೂ ಇದ್ದಾರೆ. ಆರು ತಿಂಗಳಿಂದ ಮೂರು ವರ್ಷದವರೆಗಿನ ಕೂಸಿಗೆ ದಿನಕ್ಕೆ 500 ಕಿಲೋ ಕ್ಯಾಲರಿ ಲೆಕ್ಕದ ಪೊಟ್ಟಣ ಮನೆಗೆ ಹೋಗುತ್ತದೆ, ಮನೆಯಲ್ಲಿ ಎಲ್ಲರ ಪಾಲಾಗುತ್ತದೆ. 2021ರ ಕೊನೆಯಲ್ಲಿ ಅಪೌಷ್ಟಿಕತೆಯ ಕಾರಣ ಕೊಟ್ಟು ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಸರ್ಕಾರ ಆಯ್ದ ಏಳು ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಒಳ್ಳೆಯ ತೀರ್ಮಾನ, ನಾನು ಪೂರ್ತಿ ಅದರ ಪರ. ಆದರೆ ಒಂದನೇ ತರಗತಿಗೆ ಬರುವ ಹೊತ್ತಿಗೆ ಕುಂಠಿತ ಬೆಳವಣಿಗೆಯನ್ನು ಹಿಂದಕ್ಕೆ ತಿರುಗಿಸುವುದು ಬಲು ಕಷ್ಟ. ಮೊಟ್ಟೆಯನ್ನು ಆರು ತಿಂಗಳಿಂದಲೇ ಚೆನ್ನಾಗಿ ಬೇಯಿಸಿ, ನುರಿದು ಕೊಡಬಹುದು. ತಿನ್ನುವ ಮನೆಗಳಲ್ಲೂ ಕೂಸಿಗೆ ಅದು ತಲುಪುವುದು ತಡವಾಗಿ.

ಉಣಿಸುವ ಕೈಗಳ ಕೊರತೆಗೆ ನೇರ ಉತ್ತರವಾಗಬಲ್ಲ ಯೋಜನೆ ರಾಜ್ಯದಲ್ಲೇ ಇದೆ. 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆಂದು ಘೋಷಿಸಿದ 'ಕೂಸಿನ ಮನೆ'. ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಆರೈಕೆಗೆ ನೇಮಿಸುವ ಈ ವ್ಯವಸ್ಥೆಯ ಕಣ್ಣು ಮುಖ್ಯವಾಗಿ ಉದ್ಯೋಗ ಖಾತ್ರಿ ಕೂಲಿಕಾರರ ಮೇಲಿದೆ. ಆಲಮಟ್ಟಿಯ ನೀರು ಕಾಲುವೆಗಳಲ್ಲಿ ಹರಿದ ಮೇಲೆ ಈ ತಾಲ್ಲೂಕುಗಳಲ್ಲಿ ಹೆಣ್ಣಿನ ದುಡಿಮೆಯ ದೊಡ್ಡ ಪಾಲು ಖಾಸಗಿ ಹೊಲಗಳಲ್ಲಿದೆ: ಕಬ್ಬಿನಲ್ಲಿ, ಹತ್ತಿಯಲ್ಲಿ, ಲಿಂಬೆ ತೋಟದಲ್ಲಿ. ತಾಯಿ ಯಾರ ಹೊಲಕ್ಕೆ ಹೋದರೂ ಕೂಸಿಗೆ 'ಕೂಸಿನ ಮನೆ'ಯಲ್ಲಿ ಜಾಗ ಸಿಗಬೇಕು. ಬಾಗಿಲು ತೆರೆಯುವ ಹೊತ್ತು ಕಚೇರಿಯದಾಗದೆ ಟಂಟಂ ಹೊರಡುವ ಹೊತ್ತಾಗಬೇಕು. ಪೊಟ್ಟಣದ ಹಿಟ್ಟು ಅಲ್ಲೇ ಬೇಯಲಿ, ಊರ ಸೊಪ್ಪು ಅಲ್ಲೇ ಬೀಳಲಿ, ಎರಡು ಹೊತ್ತು ಉಣಿಸಿದ ಲೆಕ್ಕ ಗೋಡೆಯ ಮೇಲೆ ಬರಲಿ. ಗುಳೆ ಹೋಗುವ ಕುಟುಂಬಗಳ ಕೂಸುಗಳ ಪಟ್ಟಿಯನ್ನು ಕಬ್ಬಿನ ಹಂಗಾಮಿಗೆ ಮುಂಚೆಯೇ ಮಾಡಿ, ಅವರು ಹೋಗುವ ಕಡೆಯ ಅಂಗನವಾಡಿಗೆ ತಿಳಿಸುವ ಕೆಲಸವನ್ನು ಜಿಲ್ಲಾ ಪಂಚಾಯಿತಿ ವಹಿಸಿಕೊಳ್ಳಬೇಕು. ಹಿಂಗಾರಿ ಜೋಳದ ರಾಶಿಗೆ ಮೊದಲು ಈ ನಾಲ್ಕು ತಾಲ್ಲೂಕುಗಳಲ್ಲಿ ಇದನ್ನು ಶುರು ಮಾಡಲು ಹೊಸ ಕಾನೂನು ಬೇಕಿಲ್ಲ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೂ ಪಂಚಾಯತ್ ರಾಜ್ ಇಲಾಖೆಯೂ ಒಂದೇ ಮೇಜಿಗೆ ಬಂದರೆ ಸಾಕು.