ಜಂಗು ಹಿಡಿದ ಬಣ್ಣ: ‘ವಾತಾವರಣ’ ಎಂದರೆ ಮುಗಿಯಿತೇ?

ಹೊಸ ಕಾರು ಕೊಂಡು ಎರಡು ಮಳೆಗಾಲ ಕಳೆಯುವುದರೊಳಗೆ ಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ಉಗುರಿನಿಂದ ಕೆರೆದರೆ ಒಳಗೆ ಜಂಗು. ಸರ್ವಿಸ್ ಸೆಂಟರ್‌ನಲ್ಲಿ ಉತ್ತರ ಸಿದ್ಧವಾಗಿರುತ್ತದೆ: ‘ಇದು ವಾತಾವರಣದ ಪರಿಣಾಮ, ವಾರಂಟಿಯಲ್ಲಿ ಬರುವುದಿಲ್ಲ’. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಈ ಉತ್ತರ ಮೇಲ್ನೋಟಕ್ಕೆ ಸರಿಯೆಂದೇ ತೋರುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳ ಸುತ್ತ ಬೂದಿ ಹಾರುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರ್ ದಾಟುವಾಗ ಗಳ ಸವರಿ ಗೀರು ಬೀಳುತ್ತದೆ. ಸಂಕೇಶ್ವರದ ಹೆದ್ದಾರಿಯಲ್ಲಿ ಜಲ್ಲಿ ಸಿಡಿಯುತ್ತದೆ. ಮಳೆಗಾಲದ ಎರೆಮಣ್ಣು ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ.

ಆದರೆ ಈ ಯಾವುದೂ ಕಂಪನಿಗೆ ಗೊತ್ತಿಲ್ಲದ್ದಲ್ಲ. ಇದೇ ಹವೆಯಲ್ಲಿ, ಇದೇ ರಸ್ತೆಯಲ್ಲಿ ಓಡಲೆಂದೇ ಅದು ವಾಹನ ಮಾರಿದೆ. ಜಂಗು ಎಲ್ಲಿಂದ ಶುರುವಾಯಿತು ಎಂಬುದನ್ನು ಪರೀಕ್ಷಿಸದೆ ದೂರು ತಳ್ಳಿಹಾಕಲು ಬಿಡಬಾರದು.

ಎಲ್ಲಿಂದ ಎಂಬುದರಲ್ಲೇ ಎಲ್ಲವೂ ಇದೆ. ಕಾರ್ಖಾನೆಯಲ್ಲಿ ಕಾರಿನ ಮೈಗೆ ಮೊದಲು ಫಾಸ್ಫೇಟ್ ಲೇಪವಾಗುತ್ತದೆ. ನಂತರ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಪ್ರೈಮರ್ ಹಿಡಿಸುತ್ತಾರೆ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಕ್ಲಿಯರ್ ಕೋಟ್. ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 0.1ರಿಂದ 0.15 ಮಿಲಿಮೀಟರ್ ದಪ್ಪ, ಅಷ್ಟೇ. ಜಲ್ಲಿ ತಾಗಿದ್ದರೆ ಪೆಟ್ಟು ಮೇಲಿನಿಂದ ಬಿದ್ದಿರುತ್ತದೆ. ನಡುವೆ ಬಣ್ಣ ಹಾರಿದ ಗುರುತಿದ್ದು ಜಂಗು ಅದರ ಸುತ್ತ ಹರಡುತ್ತದೆ. ತಗಡು ಮಡಚಿದ ಅಂಚಿಗೆ ಅಥವಾ ಬೆಸುಗೆಯ ಸಂದಿಗೆ ಪ್ರೈಮರ್ ತಲುಪದಿದ್ದರೆ, ಸೀಲಂಟ್ ಬಿಟ್ಟುಹೋಗಿದ್ದರೆ, ಜಂಗು ಒಳಗಿನಿಂದ ಹುಟ್ಟಿ ಬಣ್ಣವನ್ನು ಮೇಲೆತ್ತುತ್ತದೆ. ಎಡ, ಬಲ ಎರಡೂ ಬಾಗಿಲುಗಳಲ್ಲಿ ಒಂದೇ ಜಾಗದಲ್ಲಿ ಗುಳ್ಳೆ ಎದ್ದಿದ್ದರೆ ಅನುಮಾನ ಇನ್ನೂ ಬಲವಾಗಬೇಕು. ಹವೆ ಹೀಗೆ ಅಳತೆಪಟ್ಟಿ ಹಿಡಿದು ಕೆಲಸ ಮಾಡುವುದಿಲ್ಲ. ಬಾಗಿಲಿನ ಅಡಿಯ ನೀರು ಬಸಿಯುವ ತೂತು ಕೆಸರಿನಿಂದ ಕಟ್ಟಿದ್ದರೆ ಮಾತ್ರ ತಪ್ಪು ಮಾಲೀಕನ ಕಡೆ ವಾಲುತ್ತದೆ. ಬಣ್ಣದ ದಪ್ಪ ಅಳೆಯುವ ಕೈಯಳತೆಯ ಉಪಕರಣವೂ ಇದೆ. ಪುಟ್ಟಿ ತುಂಬಿ ಮತ್ತೆ ಬಣ್ಣ ಹೊಡೆದ ಜಾಗವನ್ನು ಅದು ಕೂಡಲೇ ತೋರಿಸಿಕೊಡುತ್ತದೆ. ಮಾಲೀಕ ಮುಚ್ಚಿಟ್ಟ ಅಪಘಾತವಷ್ಟೇ ಅಲ್ಲ, ಮಾರುವ ಮೊದಲೇ ಡೀಲರ್ ಅಂಗಳದಲ್ಲಿ ಆದ ತೇಪೆಯೂ ಅದರಲ್ಲಿ ಸಿಕ್ಕಿಬೀಳುತ್ತದೆ.

ವಾರಂಟಿ ಪುಸ್ತಕವನ್ನು ನಾವು ಓದುವುದು ಕೆಟ್ಟ ಮೇಲೆಯೇ. ಮೇಲ್ಮೈ ಬಣ್ಣಕ್ಕೆ ಒಂದು ಅವಧಿ, ತಗಡು ತೂತಾಗುವ ಜಂಗಿಗೆ ಮತ್ತೊಂದು ಅವಧಿ ಇಡುವ ಕಂಪನಿಗಳಿವೆ. ಕಲ್ಲೇಟು, ಹಕ್ಕಿಯ ಹಿಕ್ಕೆ, ಮರದ ಅಂಟು, ಕೈಗಾರಿಕೆಯ ಬೂದಿಯನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ. ಹೊರಗಿನ ಗ್ಯಾರೇಜಿನ ಪೇಂಟಿಂಗೂ ನೆಪವಾಗುತ್ತದೆ. ಹಾಗಾಗಿ ದೂರು ದಾಖಲಾಗುವ ಮೊದಲು ಗೋಕಾಕದ ಪೇಟೆಯಲ್ಲಿ ಅಗ್ಗಕ್ಕೆ ಟಚಪ್ ಮಾಡಿಸಿದವನು ತನ್ನ ಸಾಕ್ಷ್ಯವನ್ನು ತಾನೇ ಅಳಿಸಿದಂತೆ. ಇನ್ನು 2019ರ ಘಟಪ್ರಭೆಯ ನೆರೆಯಂಥದ್ದರಲ್ಲಿ ಮುಳುಗಿದ ವಾಹನದ್ದು ವಿಮೆಯ ಮಾತು, ವಾರಂಟಿಯದ್ದಲ್ಲ.

ಕಾನೂನಿನ ಬಗ್ಗೆ ಅತಿಯಾದ ಭರವಸೆಯೂ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಉತ್ಪನ್ನ ಹೊಣೆಗಾರಿಕೆ’ ಅಧ್ಯಾಯವನ್ನು ಕೆಲವರು ಬ್ರಹ್ಮಾಸ್ತ್ರ ಎಂದುಕೊಂಡಿದ್ದಾರೆ. ಆದರೆ ಉತ್ಪನ್ನಕ್ಕೇ ಆದ ಹಾನಿಯನ್ನು ಆ ಅಧ್ಯಾಯ ಹೊರಗಿಟ್ಟಿದೆ. ಬಣ್ಣದ ದೂರು ನಿಲ್ಲುವುದು ‘ದೋಷ’ ಮತ್ತು ‘ಸೇವಾ ನ್ಯೂನತೆ’ ಎಂಬ ಹಳೆಯ ನೆಲೆಗಳ ಮೇಲೆಯೇ. ಮಾರುತಿ ಉದ್ಯೋಗ್ ವಿರುದ್ಧ ಸುಶೀಲ್ ಕುಮಾರ್ ಗಬಗೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ್ದೂ ನೆನಪಿರಲಿ: ವಾರಂಟಿ ಇರುವುದು ಕೆಟ್ಟ ಭಾಗ ಬದಲಿಸಿಕೊಡಲು, ಇಡೀ ಕಾರು ಬದಲಿಸಲು ಅಲ್ಲ. ಎರಡು ಬಾಗಿಲಿಗೆ ಜಂಗು ಬಂದರೆ ಹೊಸ ಬಾಗಿಲು ಕೇಳುವವರು ಗೆಲ್ಲಬಹುದು, ಹೊಸ ಕಾರು ಕೇಳುವವರು ಎರಡನ್ನೂ ಕಳೆದುಕೊಳ್ಳಬಹುದು.

ಅನುಕೂಲಗಳೂ ಇವೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಪುಣೆಯಲ್ಲಿರಲಿ, ಚೆನ್ನೈನಲ್ಲಿರಲಿ, ಮೂಡಲಗಿಯವರಿಗೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗ ಸಾಕು. ಕೊಂಡ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ದೋಷ ತಿಳಿಯಲು ಪರೀಕ್ಷೆಯೇ ಬೇಕಿದ್ದರೆ ಆಯೋಗ ಪ್ರಯೋಗಾಲಯದಿಂದ ವರದಿ ತರಿಸಬಹುದು. ಸ್ವಂತ ದುಡಿಮೆಯಲ್ಲಿ ಹೊಟ್ಟೆಪಾಡಿಗೆ ಟ್ರ್ಯಾಕ್ಟರ್, ಪಿಕಪ್ ಓಡಿಸುವವರೂ ಗ್ರಾಹಕರೇ. ‘ವಾಣಿಜ್ಯ ಬಳಕೆ’ ಎಂಬ ಆಕ್ಷೇಪಕ್ಕೆ ಅವರು ಅಂಜಬೇಕಿಲ್ಲ.

ದೊಡ್ಡ ಕಂಪನಿಗಳು ತಾವಾಗಿಯೇ ಒಪ್ಪಿಕೊಳ್ಳುವುದು ಅಪರೂಪ. ಚಾಸಿಗೆ ಜಂಗು ಹಿಡಿದ ಪಿಕಪ್‌ಗಳ ಪ್ರಕರಣದಲ್ಲಿ ಟೊಯೊಟಾ 2016ರಲ್ಲಿ ಅಮೆರಿಕದಲ್ಲಿ ರಾಜಿಗೆ ಬಂದದ್ದು ಮಾಲೀಕರು ಒಟ್ಟಾಗಿ ಕೋರ್ಟ್ ಹತ್ತಿದ ಮೇಲೆ. ಅಲ್ಲಿ ಸುಮಾರು 15 ಲಕ್ಷ ವಾಹನಗಳಿದ್ದವು. ಇಲ್ಲಿ ಒಬ್ಬೊಬ್ಬರೇ ಹೋಗಿ ಒಬ್ಬೊಬ್ಬರೇ ಬರಿಗೈಯಲ್ಲಿ ಮರಳುತ್ತಾರೆ.

ಗುಳ್ಳೆ ಕಂಡ ದಿನವೇ ಫೋಟೊ ತೆಗೆಯಿರಿ. ದೂರನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿ ಪ್ರತಿ ಪಡೆಯಿರಿ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆಯೋಗಕ್ಕೆ ಹೋಗಲು ಇರುವ ಗಡುವು ಎರಡು ವರ್ಷ. ‘ಮುಂದಿನ ಸರ್ವಿಸ್‌ಗೆ ನೋಡೋಣ’ ಎಂಬ ಸಮಾಧಾನದ ಮಾತು ಕೇಳುತ್ತಾ ಅದನ್ನು ಕಳೆದುಕೊಳ್ಳಬೇಡಿ.