ಪಂಚೆಯ ಮಣ್ಣು

ಹರಿಹರನ ಕಣ್ಣಪ್ಪನ ರಗಳೆಯನ್ನು ಪಾಠ ಹೇಳುವುದೆಂದರೆ ನನಗೆ ಬಲು ಹಿಗ್ಗು. ಬಾಯಲ್ಲಿ ತಂದ ನೀರೇ ಅಭಿಷೇಕ, ರುಚಿ ನೋಡಿದ ಮಾಂಸವೇ ನೈವೇದ್ಯ! ಮಡಿಯುಟ್ಟ ಅರ್ಚಕನ ಪೂಜೆಗಿಂತ ಕಾಳಹಸ್ತಿಯ ಒಡೆಯನಿಗೆ ಆ ಬೇಡನ ಎಂಜಲೇ ಹಿತವಾಯಿತು. 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ರಾಜಕುಮಾರರು ಕಣ್ಣು ಕಿತ್ತುಕೊಡುವುದನ್ನು ನೋಡಿ ಕಣ್ಣೀರಿಟ್ಟವರಲ್ಲಿ ನಾನೂ ಒಬ್ಬ.

ಕಳೆದ ಕಾರ್ತಿಕದ ಕಡೆಯ ಸೋಮವಾರ, ಇದೇ ಪಾಠವನ್ನು ಮುಗಿಸಿ, ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದೆ. ಬೆಳೆಯ ಮೊದಲ ಕಾಯನ್ನು ದೊಡ್ಡ ಬಸವಣ್ಣನಿಗೆ ಅರ್ಪಿಸುವುದು ರೈತರ ಹಳೆಯ ವಾಡಿಕೆಯಷ್ಟೆ. ದರ್ಶನದ ಸಾಲಿನಲ್ಲಿ ನನ್ನ ಬೆನ್ನಿಗೆ ಹಳ್ಳಿಯ ಮುದುಕಿಯೊಬ್ಬಳು ನಿಂತಿದ್ದಳು. ಬೆವರಿದ ಮೈ, ಸೆರಗಿನ ತುಂಬ ಹೊಲದ ಮಣ್ಣು ಮೆತ್ತಿದ ಹಸಿ ಕಡಲೆಕಾಯಿ. ನಾನು ಉಟ್ಟದ್ದು ಅಂದೇ ಮಡಿಕೆ ಬಿಡಿಸಿದ ಬಿಳಿಯ ಪಂಚೆ. ಮಣ್ಣು ತಾಗೀತೆಂದು ಅದನ್ನು ಎತ್ತಿ ಹಿಡಿದು, ಪಕ್ಕಕ್ಕೆ ಸರಿದೆ.

ಮುದುಕಿ ಬೇರೆಯೇ ತಿಳಿದಳು.

“ವಯಸ್ಸಾದೋಳು ಅಂತ ದಾರಿ ಬಿಟ್ಯಾ ನನ್ನಪ್ಪಾ? ಬಸವಣ್ಣ ನಿನ್ನ ಚೆಂದಾಗಿ ಮಡಗಿರ್ಲಿ!”

ದೇವರಿಗೆಂದು ತಂದಿದ್ದ ಕಾಯಲ್ಲಿ ಒಂದು ಬೊಗಸೆ ತೆಗೆದು ನನ್ನ ಮುಂದೆ ಹಿಡಿದಳು. ಕೈಯಲ್ಲಿ ಹಣ್ಣುಕಾಯಿಯ ತಟ್ಟೆಯಿತ್ತು. ಬೇರೆ ದಾರಿ ಕಾಣದೆ ಪಂಚೆಯ ಸೆರಗನ್ನೇ ಒಡ್ಡಿದೆ.

ರಗಳೆಯ ಪಾಠ ಇನ್ನೂ ಎರಡು ದಿನ ಬಾಕಿಯಿತ್ತು. ವಿದ್ಯಾರ್ಥಿಗಳು, “ಯಾಕೆ ಸಾರ್, ದನಿಯೇ ಏಳುತ್ತಿಲ್ಲ?” ಎಂದು ಕೇಳಿದರು. ನೆಗಡಿಯೆಂದೆ.