‘ಹೇಳಲಾಗದು’ ಎಂಬುದೂ ಉತ್ತರವೇ

ಮಕ್ಕಳೇ, ಒಂದೇ ಆವರಣದಲ್ಲಿ ಕನ್ನಡ, ಮಲಯಾಳ ಎರಡೂ ಮಾಧ್ಯಮ ಇರುವ ಶಾಲೆಗಳು ಕಾಸರಗೋಡಿನವರಿಗೆ ಹೊಸತಲ್ಲ. ಅಂಥದೇ ಒಂದು ಭಾರೀ ದೊಡ್ಡ ಶಾಲೆಯನ್ನು ಊಹಿಸಿಕೊಳ್ಳಿ. ಸಾವಿರಾರು ಮಕ್ಕಳು, ಅರ್ಧ ಆ ಮಾಧ್ಯಮ, ಅರ್ಧ ಈ ಮಾಧ್ಯಮ. ನಿಮ್ಮ ಕೈಯಲ್ಲಿರುವುದು ಒಂದು ಚಿತ್ರ ಮಾತ್ರ: ಮಗುವಿಗೊಂದು ಚುಕ್ಕಿ, ಗೆಳೆತನಕ್ಕೊಂದು ಗೆರೆ. ಹೆಸರಿಲ್ಲ, ತರಗತಿ ಇಲ್ಲ. ಗೆರೆಗಳನ್ನಷ್ಟೇ ನೋಡಿ ಮಕ್ಕಳನ್ನು ಮತ್ತೆ ಎರಡು ಗುಂಪು ಮಾಡಬಹುದೇ?

“ಕಂಪ್ಯೂಟರ್ ಇದ್ದರೆ ಆಯ್ತು” ಅಂತೀರಿ. ಎಲ್ಲ ಸಲವೂ ಆಗೋದಿಲ್ಲ!

2011ರಲ್ಲಿ ಡೆಸೆಲ್, ಕ್ಝಕಾಲಾ, ಮೂರ್, ಝ್ಡೆಬೊರೊವಾ ಎಂಬ ನಾಲ್ವರು ಭೌತವಿಜ್ಞಾನದ ದಾರಿಯಲ್ಲಿ ಇದಕ್ಕೊಂದು ಮಿತಿಯನ್ನು ಸೂಚಿಸಿದರು. ಮುಂದೆ ಮೊಸೆಲ್, ನೀಮನ್, ಸ್ಲೈ, ಮಸ್ಸುಲಿಯೆ ಮೊದಲಾದ ಗಣಿತಜ್ಞರು ಅದನ್ನು ಸಾಧಿಸಿ ತೋರಿಸಿದರು. ಗೆರೆಗಳು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಬಿದ್ದಿದ್ದರೆ ಲೆಕ್ಕ ಸುಲಭ. ಒಂದು ಮಗುವಿಗೆ ಸ್ವಂತ ಗುಂಪಿನಲ್ಲಿ ಸರಾಸರಿ ಎಷ್ಟು ಗೆಳೆಯರು, ಆಚೆ ಗುಂಪಿನಲ್ಲಿ ಎಷ್ಟು? ಇವೆರಡರ ವ್ಯತ್ಯಾಸದ ವರ್ಗವು ಇವೆರಡರ ಮೊತ್ತಕ್ಕಿಂತ ಹೆಚ್ಚಿರಬೇಕು.

ಒಳಗೆ 7, ಆಚೆ 2 ಇರಲಿ. ವ್ಯತ್ಯಾಸ 5, ಅದರ ವರ್ಗ 25, ಮೊತ್ತ 9. ಗುಂಪು ಹಿಡಿಯಬಹುದು, ಕೆಲವರ ಬಗ್ಗೆ ತಪ್ಪಬಹುದು, ಆದರೂ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಮೇಲು. ಒಳಗೆ 5, ಆಚೆ 4 ಇದ್ದರೆ? ವ್ಯತ್ಯಾಸದ ವರ್ಗ 1, ಮೊತ್ತ ಅದೇ 9. ಈಗ ಎಂಥ ಕಂಪ್ಯೂಟರ್ ತಂದರೂ ನಾಣ್ಯ ಚಿಮ್ಮಿದ್ದಕ್ಕಿಂತ ಮೇಲಾಗದು. ಗುಂಪುಗಳು ನಿಜವಾಗಿ ಇವೆ. ಆದರೆ ಅವುಗಳ ಗುರುತು ಗೆರೆಗಳಲ್ಲಿ ಉಳಿದಿಲ್ಲ.

ನಾವು ಮೇಷ್ಟ್ರುಗಳು ಬೋರ್ಡಿನ ಮೇಲೆ ಉತ್ತರ ಬರುವ ಲೆಕ್ಕಗಳನ್ನೇ ಮಾಡಿಸುತ್ತೇವೆ. ‘ಸಾಧ್ಯವಿಲ್ಲ’ ಅಂದರೆ ಸೋತ ಹಾಗೆ ಅಂತ ನಿಮಗೆ ಅನ್ನಿಸುವುದು ಅದರಿಂದಲೇ ಇರಬೇಕು. ಇದು ಸರಿಯಲ್ಲ. ‘ನನಗೆ ಬರಲಿಲ್ಲ’ ಎನ್ನುವುದು ಬೇರೆ, ‘ಯಾರಿಗೂ ಬಾರದು, ಇಗೋ ಕಾರಣ’ ಎನ್ನುವುದು ಬೇರೆ. ಎರಡನೆಯದು ಗಟ್ಟಿಯಾದ ಜ್ಞಾನ.

ಅದು ಬೇಕೂ ಹೌದು. ಎರಡು ಪಾಲು ಮಾಡು ಅಂದರೆ, ಗುಂಪೇ ಇಲ್ಲದ ಚಿತ್ರವನ್ನೂ ಕಂಪ್ಯೂಟರ್ ಎರಡು ಪಾಲು ಮಾಡಿ, ಬಣ್ಣ ಹಚ್ಚಿ ತೋರಿಸೀತು. ‘ಇವರೆಲ್ಲ ಒಂದು ಗುಂಪು’ ಅಂತ ಮನುಷ್ಯರ ಮೇಲೆ ಚೀಟಿ ಅಂಟಿಸಲು ಅದನ್ನೇ ಆಧಾರ ಮಾಡಿಕೊಂಡರೆ ಅನ್ಯಾಯವಾಗುತ್ತದೆ. ಅಂಥ ಚಿತ್ರ ಕಂಡಾಗ ಮೊದಲು ಕೇಳಿ: ಇಷ್ಟು ಗೆರೆಗಳಿಂದ ಇದನ್ನು ಹೇಳಲು ಬರುತ್ತದೆಯೇ?